ಗೋಡೆ ತುಂಬ ಫೋಮ್ ಅಂಟಿಸುವ ಮೊದಲು ಇದನ್ನೊಮ್ಮೆ ಓದಿ

ಮನೆಯಲ್ಲೇ ಒಂದು ರೆಕಾರ್ಡಿಂಗ್ ರೂಮು ಮಾಡಿಕೊಳ್ಳಬೇಕು ಅಂತಿದ್ದರೆ, ದಯವಿಟ್ಟು ಗೋಡೆಗೆಲ್ಲ ಫೋಮ್ ಅಂಟಿಸಬೇಡಿ. ನಾನು ಅಂಟಿಸಿದೆ. 85 ಸಾವಿರ ರೂಪಾಯಿ ಹೋಯಿತು, ಎಂಟು ಭಾವಗೀತೆಗಳ ಮಿಕ್ಸಿಂಗನ್ನು ಮೊದಲಿಂದ ಮಾಡಬೇಕಾಯಿತು.

ಶಿವಮೊಗ್ಗದ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮು ಖಾಲಿ ಇತ್ತು. ಉದ್ದ, ಅಗಲ, ಎತ್ತರ ಮೂರೂ 10 ಅಡಿ. ಇಂಟೀರಿಯರ್ ಕೆಲಸದವರು ಬಂದು ನೋಡಿ, "ಒಂದಿಂಚು ಫೋಮ್ ಹೊಡೆದು ಕಿಟಕಿ ಮುಚ್ಚಿಬಿಟ್ರೆ ಫುಲ್ ಸೌಂಡ್‌ಪ್ರೂಫ್ ಸಾರ್" ಅಂದರು. ನಂಬಿದೆ. ವಾರದಲ್ಲಿ ನಾಲ್ಕು ಗೋಡೆ, ಸೀಲಿಂಗ್ ಎಲ್ಲ ಕಪ್ಪಾಯಿತು. ಕುರ್ಚಿ ರೂಮಿನ ನಟ್ಟನಡುವೆ.

ಚಪ್ಪಾಳೆ ತಟ್ಟಿದರೆ ಚೂರೂ ಪ್ರತಿಧ್ವನಿ ಇರಲಿಲ್ಲ, ಖುಷಿಪಟ್ಟೆ. ಆದರೆ ಹಾಡಲು ಬಂದ ಹುಡುಗಿ ಎರಡನೇ ಸಾಲಿಗೇ ನಿಲ್ಲಿಸಿ, "ಕಂಬಳಿ ಹೊದ್ಕೊಂಡು ಹಾಡ್ದಂಗಾಗ್ತಿದೆ ಅಣ್ಣಾ" ಅಂದಳು. ಅದೇ ಟೇಕ್‌ನಲ್ಲಿ ಪಕ್ಕದ ಮನೆಯ ಕುಕ್ಕರಿನ ವಿಷಲ್ ಸ್ಪಷ್ಟವಾಗಿ ರೆಕಾರ್ಡ್ ಆಗಿತ್ತು. ಫೋಮ್ ಸದ್ದನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು: ದಪ್ಪ ಗೋಡೆ, ಗಟ್ಟಿ ಬಾಗಿಲು, ಸಂದಿಯಿಲ್ಲದ ಚೌಕಟ್ಟು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತಗ್ಗಿನ ಸದ್ದಿನಲ್ಲಿ, ಅಂದರೆ ಬೇಸ್‌ನಲ್ಲಿ. ನನಗೆ ಬೇಸ್ ಸಾಲುತ್ತಿಲ್ಲ ಅನ್ನಿಸಿ ಏರಿಸುತ್ತಲೇ ಹೋದೆ. ಹಾಡು ಮಾಡಿಸಿದವರು ಕಾರಿನಲ್ಲಿ ಹಾಕಿ ಕೇಳಿಸಿದಾಗ ಬಾಗಿಲೆಲ್ಲ ಗಡಗಡ ಅದುರಿತು, ಸಾಹಿತ್ಯವೇ ಕೇಳಲಿಲ್ಲ. ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ. ರೂಮಿನ ಉದ್ದವನ್ನು ಮೀಟರಿನಲ್ಲಿ ಅಳೆದು, 172ನ್ನು (ಸದ್ದು ಸೆಕೆಂಡಿಗೆ ಸಾಗುವ ಮೀಟರುಗಳ ಅರ್ಧ) ಅದರಿಂದ ಭಾಗಿಸಿ. ನನ್ನ 3.05 ಮೀಟರಿಗೆ ಸುಮಾರು 56 ಹರ್ಟ್ಜ್ ಬಂತು. ಆ ಒಂದೇ ಸ್ವರವನ್ನು ಸ್ಪೀಕರಿನಲ್ಲಿ ಬಿಟ್ಟು ನಡೆದಾಡಿದೆ. ಗೋಡೆ ಹತ್ತಿರ ಗುಂಯ್ ಅಂತ ಕಿವಿ ತುಂಬುತ್ತದೆ, ಕುರ್ಚಿ ಹತ್ತಿರ ಬಂದರೆ ಹೆಚ್ಚುಕಡಿಮೆ ಮಾಯ! ಗೋಡೆಯಿಂದ ಗೋಡೆಗೆ ಬಡಿದು ಬರುವ ಅಲೆಗಳು ನಡುವೆ ಒಂದನ್ನೊಂದು ಅಳಿಸುತ್ತವೆ. ಮೂರೂ ಅಳತೆ ಒಂದೇ ಆದ್ದರಿಂದ ತೊಂದರೆಯೆಲ್ಲ ಆ ಒಂದೇ ಸ್ವರದ ಮೇಲೆ ಬಂದು ಬಿದ್ದಿತ್ತು. ಒಂದಿಂಚಿನ ಫೋಮ್ ಸ, ಶ ಥರದ ಮೇಲಿನ ಸದ್ದನ್ನಷ್ಟೇ ಹೀರುತ್ತದೆ. 20 ಅಡಿ ಉದ್ದದ ಅಲೆಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಿಟಕಿ ಮುಚ್ಚಿಸಿದ್ದಕ್ಕೂ ಬೆಲೆ ತೆತ್ತೆ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಎರಡು ತಾಸು ಕೂತರೆ ತಲೆನೋವು. ಮಳೆಗಾಲದಲ್ಲಿ ಫೋಮ್ ಹಿಂದೆಲ್ಲ ಬೂಷ್ಟು.

ಕೊನೆಗೆ ಕೀಳಿಸಿದೆ, ಗೋಡೆಯ ಬಣ್ಣವೂ ಜೊತೆಗೇ ಕಿತ್ತು ಬಂತು. ಬಡಗಿ ಹತ್ತಿರ 4 ಅಡಿಗೆ 2 ಅಡಿಯ ಚೌಕಟ್ಟು ಮಾಡಿಸಿ, ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ತುಂಬಿ, ಹತ್ತಿಬಟ್ಟೆ ಹೊದಿಸಿ ಮೂಲೆಗಳಲ್ಲಿ ನಿಲ್ಲಿಸಿದೆ. ತುಂಬುವಾಗ ಗ್ಲೌಸ್, ಮಾಸ್ಕ್ ಬೇಕೇ ಬೇಕು, ಮೈಯೆಲ್ಲ ನವೆ ಬರುತ್ತದೆ. ಕುರ್ಚಿಯನ್ನು ಎದುರು ಗೋಡೆಯಿಂದ ನಾಲ್ಕು ಅಡಿಯೊಳಗೆ ತಂದೆ. ಒಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ, ಕೂತಲ್ಲಿಂದ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲೊಂದು ಚೌಕಟ್ಟು ಹಾಕಿ. ಉಳಿದ ಗೋಡೆ ಬರಿದಾಗಿರಲಿ, ಹಾಡುವವರಿಗೆ ಅದು ಬೇಕು.

ಕಿತ್ತ ಫೋಮಿನ ಒಂದು ತುಂಡಿಗೆ ಹಿತ್ತಲಲ್ಲಿ ಕಡ್ಡಿ ಗೀರಿ ನೋಡಿದೆ. ಭಗ್ಗನೆ ಹತ್ತಿಕೊಂಡು, ಕರಗಿ ತೊಟ್ಟಿಕ್ಕುತ್ತಾ ಕಪ್ಪು ಹೊಗೆ ಕಾರಿತು. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಕ್ಲಬ್ಬಿನಲ್ಲಿ ಗೋಡೆಗೆ ಹಚ್ಚಿದ್ದ ಇಂಥದೇ ಫೋಮಿಗೆ ಬೆಂಕಿ ತಗುಲಿ 100 ಜನ ಸತ್ತರು. ನಾನು ಪ್ರತಿ ಶುಕ್ರವಾರ ಆ ರೂಮಿನಲ್ಲೇ ದೀಪ ಹಚ್ಚಿ ಕರ್ಪೂರ ಬೆಳಗುತ್ತಿದ್ದೆ. ಈಗಾಗಲೇ ಅಂಟಿಸಿಕೊಂಡಿದ್ದರೆ, ಅದನ್ನು ಕೀಳಿಸುವವರೆಗೆ ಊದುಬತ್ತಿಯನ್ನಾದರೂ ಹೊರಗೆ ಹಚ್ಚಿ.