ಸಿಟ್‌ಔಟಿಗೆ ಪ್ಲಾಸ್ಟಿಕ್ ಬೋಗನ್‌ವಿಲ್ಲಾ ಕಟ್ಟಿಸುವವರು ಓದಿ

ಕುಂಬಳೆ, ಉಪ್ಪಳ ಕಡೆಯ ಹೊಸ ಮನೆಗಳ ಸಿಟ್‌ಔಟಿನಲ್ಲಿ ಈಗ ಕೃತಕ ಬೋಗನ್‌ವಿಲ್ಲಾ ಬಳ್ಳಿಗಳದ್ದೇ ಕಾರುಬಾರು. ಟಿವಿ ಪಕ್ಕದಲ್ಲೋ ದೇವರ ಕೋಣೆಯ ಬಾಗಿಲಿಗೋ ಹಾಕಿಕೊಳ್ಳುವವರ ಬಗ್ಗೆ ನನ್ನದೇನೂ ತಕರಾರಿಲ್ಲ. ಹೊರಗೆ, ಅದೂ ಕಡಲ ಗಾಳಿ ತಾಗುವಲ್ಲಿ, ಕಟ್ಟಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು, ಜಲ್ಲಿ ಮರಳು ತುಂಬಿದ ತೊಟ್ಟಿಯಲ್ಲಿ ಸೋಸಿ ಬಾವಿಗೆ ಹೋಗುತ್ತದೆ. ಮಗಳ ನಿಶ್ಚಿತಾರ್ಥಕ್ಕೆ ಆ ಪೈಪು ಕಣ್ಣಿಗೆ ಹೊಡೆಯಬಾರದೆಂದು ಅದಕ್ಕೂ ಕಂಬಗಳಿಗೂ ಬಳ್ಳಿ ಸುತ್ತಿಸಿದೆವು. ‘ಔಟ್‌ಡೋರ್ ಕ್ವಾಲಿಟಿ ಅಣ್ಣಾ, ಬಿಸಿಲಿಗೂ ಮಳೆಗೂ ಏನೂ ಆಗ್ಲಿಕ್ಕಿಲ್ಲ, ಐದು ವರ್ಷ ತಿರುಗಿ ನೋಡ್ಬೇಡಿ’ ಎಂದಿದ್ದ ಅಂಗಡಿಯವ. ಫೋಟೋಗಳು ಚೆನ್ನಾಗಿಯೇ ಬಂದವು, ಸುಳ್ಳು ಹೇಳಬಾರದು.

ಮೊದಲು ಹೋದದ್ದು ಬಣ್ಣ. ಪಡುವಣ ಬಿಸಿಲು ಬೀಳುವ ಕಂಬದ ಹೂಗಳು ಏಪ್ರಿಲ್ ಕಳೆಯುವುದರೊಳಗೆ ಒಗೆದೊಗೆದು ಸವೆದ ರವಿಕೆಯ ಬಣ್ಣಕ್ಕೆ ತಿರುಗಿದವು. ಜೂನ್ ಮಳೆ ಹಿಡಿದ ಮೇಲೆ ಉಳಿದ ಬಣ್ಣ ಗೋಡೆಗೆ ಇಳಿಯಿತು. ಅದರ ಪಕ್ಕದಲ್ಲೇ ಕಂದು ಗೀರುಗಳು, ತುಕ್ಕಿನವು. ಈ ಬಳ್ಳಿಯ ದಂಟಿನೊಳಗೆ ಇರುವುದು ಕಬ್ಬಿಣದ ತಂತಿ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೂ ಕತ್ತರಿಸಿದ ತುದಿ ಬೋಳಾಗಿಯೇ ಇರುತ್ತದೆ. ಉಪ್ಪುಗಾಳಿಗೆ ಅಷ್ಟು ಸಾಕು. ಸುಣ್ಣ ಬಣ್ಣದವರು ಬಂದು ಉಜ್ಜಿದರೂ ಆ ಗೀರು ಹೋಗಲಿಲ್ಲ, ಇಡೀ ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು.

ಇದೆಲ್ಲ ಹೋಗಲಿ ಎನ್ನಬಹುದು. ಎಲೆಗಳ ಕತೆ ಬೇರೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕನ್ನು ಮೇಲ್ಮೈಯಿಂದ ಶುರುಮಾಡಿ ಮುರಿಯುತ್ತಾ ಬರುತ್ತದೆ. ಕಟ್ಟಿಸಿದ ಹೊಸದರಲ್ಲಿ ಮಡಚಿದರೆ ಬಾಗುತ್ತಿದ್ದ ಎಲೆ, ಆಮೇಲಾಮೇಲೆ ಬೆರಳು ತಾಗಿದರೆ ಪಟಕ್ಕನೆ ಒಡೆಯತೊಡಗಿತು. ಒಂದು ದಿನ ಸೋಸುವ ತೊಟ್ಟಿಯ ಜಲ್ಲಿ ಎತ್ತಿ ನೋಡಿದೆ. ಉಗುರಿನಷ್ಟು ದೊಡ್ಡವು, ಸಾಸಿವೆಯಷ್ಟು ಸಣ್ಣವು, ಹಸಿರು ಚೂರುಗಳು ಮರಳಿನೊಳಗೆ ಕಲೆಸಿಹೋಗಿದ್ದವು. ಕುಡಿಯುವ ಬಾವಿಗೆ ಹೋಗುವ ದಾರಿ ಅದು! ಜಲ್ಲಿ, ಮರಳು ಎಲ್ಲ ತೆಗೆದು ಹೊಸದು ಹಾಕಿಸಿದೆವು. ಮಳೆನೀರು ಬಾವಿಗೆ ಬಿಟ್ಟವರು ಆ ಪೈಪಿನ ಹತ್ತಿರ ಇಂಥದ್ದನ್ನು ಯಾವ ಕಾರಣಕ್ಕೂ ಸುತ್ತಬೇಡಿ.

ದೀಪದ ಮೇಲೂ ಇದರ ಎಳೆ ಇಳಿಬಿಡಬೇಡಿ. ಹೂವಿನದು ಪಾಲಿಯೆಸ್ಟರ್ ಬಟ್ಟೆ. ಬೆಂಕಿ ತಾಗಿದರೆ ಕರಗಿ ತೊಟ್ಟಿಕ್ಕುತ್ತದೆ, ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಎಲೆಗಳ ಮರೆಯಲ್ಲಿ ಕಣಜ ಗೂಡು ಕಟ್ಟಿದ್ದು ಬಿಚ್ಚುವಾಗಲೇ ಗೊತ್ತಾದದ್ದು, ಅದನ್ನು ಹೆಚ್ಚು ವಿವರಿಸುವುದಿಲ್ಲ.

ಬಿಚ್ಚಿದ್ದನ್ನು, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕನಿಗೆ ಕೊಡಹೋದರೆ, ‘ಹೀಗೆ ಬೇಡ ಅಣ್ಣಾ, ತಂತಿ ಬಿಡಿಸಿ, ತೊಳೆದು ಒಣಗಿಸಿ ಕೊಡಿ’ ಎಂದರು. ಅವರು ಹೇಳಿದ್ದು ಸರಿಯೇ. ಬಟ್ಟೆ, ಪ್ಲಾಸ್ಟಿಕ್, ಕಬ್ಬಿಣ ಮೂರೂ ಹೆಣೆದುಕೊಂಡದ್ದನ್ನು ಬಿಡಿಸಿ ನೋಡಿ, ಗೊತ್ತಾಗುತ್ತದೆ.

ಬೇಕೇ ಬೇಕು ಎನ್ನುವವರು ಅಂಗಡಿಯಲ್ಲೇ ಬಿಳಿ ಬಟ್ಟೆ ಒದ್ದೆ ಮಾಡಿ ಹೂವನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅಲ್ಲೇ ಬಿಟ್ಟು ಬನ್ನಿ. ನಿಜವಾದ ಬೋಗನ್‌ವಿಲ್ಲಾ ನಮ್ಮ ಮುರಕಲ್ಲಿನ ನೆಲದಲ್ಲೂ ಬರುತ್ತದೆ, ಬೇಸಿಗೆಯಲ್ಲೇ ಅದಕ್ಕೆ ಹೂವಿನ ಹುಚ್ಚು. ಬಣ್ಣದ್ದೆಲ್ಲ ಹೂವಲ್ಲ, ಹೂವಿನ ಸುತ್ತಲ ಎಲೆಗಳು. ಹೂವು ನಡುವಿನ ಪುಟ್ಟ ಬಿಳಿಯದು. ನಮಗೆ ಮಾರಿದ್ದರಲ್ಲಿ ಅದರ ಜಾಗದಲ್ಲಿ ಹಳದಿ ಕುಚ್ಚು ಇತ್ತು!

ಅಂಗಡಿಗೆ ಹೋಗಿ ಕೇಳಿದೆ. ‘ಬಿಲ್ ತೋರಿಸಿ’ ಎಂದ. ಬಿಲ್ಲಿನಲ್ಲಿದ್ದದ್ದು ‘ಡೆಕೊರೇಷನ್ ಐಟಂ’ ಅಷ್ಟೇ. ಔಟ್‌ಡೋರ್, ಐದು ವರ್ಷ ಎಂದು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲೂ ಬರೆಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಅವಕಾಶವಿದೆ, ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಬರಹದಲ್ಲಿ ಏನಾದರೂ ಇದ್ದರೆ ಅಲ್ಲಿ ಮಾತಾಡಲು ಬಲ ಬರುತ್ತದೆ.