ಹತ್ತು ದಿನ ಮೌನ, ಜೊತೆಗೆ ಮಂಡಿನೋವು

ಬೆಂಗಳೂರಿನ ಹೊರಗಿನ ಒಂದು ಕೇಂದ್ರದಲ್ಲಿ ಧ್ಯಾನಗುರು ಎಸ್.ಎನ್. ಗೋಯೆಂಕಾ ಪದ್ಧತಿಯ 10 ದಿನದ ವಿಪಶ್ಯನ (ಬೌದ್ಧ ಮೂಲದ ಧ್ಯಾನ) ಶಿಬಿರ ಮುಗಿಸಿ ಬಂದೆ. ಶುಲ್ಕ ಇಲ್ಲ, ಕೊನೆಗೆ ಇಷ್ಟವಿದ್ದರೆ ದಾನ. ಬೆಳಗಿನ ಜಾವ 4ಕ್ಕೆ ಗಂಟೆ. ಫೋನ್, ಪುಸ್ತಕ, ಪೆನ್ನು ಯಾವುದೂ ಇಲ್ಲ.

ನನಗೆ ಹಿಡಿಸಿದ್ದು ಸಂಜೆಯ ರೆಕಾರ್ಡ್ ಮಾಡಿದ ಪ್ರವಚನ. ತಿಳಿವಳಿಕೆ ಮೂರು ಬಗೆಯಂತೆ: ಕೇಳಿ ಬಂದದ್ದು ಸುತಮಯ, ಯೋಚಿಸಿ ಬಂದದ್ದು ಚಿಂತಾಮಯ, ಸ್ವಂತ ಸಾಧನೆಯಿಂದ ಬಂದದ್ದು ಭಾವನಾಮಯ. 'ಎಲ್ಲವೂ ಅನಿತ್ಯ' ಅಂತ ಕಾಲೇಜಿನಲ್ಲಿ 26 ವರ್ಷ ಪಾಠ ಮಾಡಿದವನು ನಾನು. ಐದನೇ ದಿನ, ಅಲುಗಾಡದೆ ಒಂದು ಗಂಟೆ ಕೂತಾಗ, ಎಡ ಮಂಡಿಯ ನೋವು ಸಣ್ಣ ಸಣ್ಣ ಮಿಡಿತಗಳಾಗಿ ಒಡೆದು ಕರಗಿತು. ಓಹೋ, ನಾನು ಹೇಳುತ್ತಿದ್ದದ್ದು ಇದನ್ನೇನಾ!

ಆದರೆ ಒಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಅನುಭವ ಅಂದ ಮಾತ್ರಕ್ಕೆ ಅದು ಪ್ರಮಾಣವೇ, ಅಂದರೆ ಸರಿಯಾದ ಜ್ಞಾನಕ್ಕೆ ನಂಬಬಹುದಾದ ದಾರಿಯೇ? ಹಗ್ಗ ಹಾವಾಗಿ ಕಂಡದ್ದೂ ಅನುಭವವೇ ಅಲ್ವಾ? ಬೌದ್ಧನೇ ಆದ ಪ್ರಾಚೀನ ತರ್ಕಶಾಸ್ತ್ರಜ್ಞ ದಿಙ್ನಾಗ ಪ್ರತ್ಯಕ್ಷದ (ನೇರ ಅನುಭವದ) ಜೊತೆ ಅನುಮಾನವನ್ನೂ (ತರ್ಕದಿಂದ ಊಹಿಸಿ ತಿಳಿಯುವುದನ್ನೂ) ಪ್ರಮಾಣವೆಂದು ಒಪ್ಪಿದ್ದ. ಇದನ್ನೇ ಶಿಬಿರದ ಆಚಾರ್ಯರನ್ನು ಕೇಳಿದೆ. ನಕ್ಕು, 'ಸುಮ್ನೆ ಕೂತು ನೋಡಿ' ಅಂದರು. ಸಿಟ್ಟು ಬಂತು.

ಜ್ಞಾನೋದಯ ಗೀನೋದಯ ಏನೂ ಆಗಲಿಲ್ಲ. ಸಂಜೆ 5ಕ್ಕೆ ಕಡ್ಲೆಪುರಿ, ಹಣ್ಣು, ಟೀ ಅಷ್ಟೇ. ಹಸಿವು ಜಾಸ್ತಿ ಇರುವವರು ಮಧ್ಯಾಹ್ನವೇ ಎರಡು ಸಲ ಬಡಿಸಿಕೊಳ್ಳಿ.