ಶಾಲೆ ಮುಂದಿನ ಸಿಗ್ನಲ್‌ಗೆ ಐದಕ್ಕೆ ಮೂರು ಸ್ಟಾರ್

ಹುಬ್ಬಳ್ಳಿಯಲ್ಲಿ ನಮ್ಮ ಮಗಳ ಶಾಲೆ ಹತ್ತಿರ ಸಿಗ್ನಲ್ ಬಂದಿದೆ. ಮೊದಲು ಅಲ್ಲಿ ಹಾರ್ನ್ ಜೋರಿದ್ದವರಿಗೇ ದಾರಿ. ಈಗ ಅಷ್ಟು ಗದ್ದಲವಿಲ್ಲ, ಅದಕ್ಕೇ ಮೂರು ಸ್ಟಾರ್.

ಉಳಿದ ಎರಡು ಯಾಕೆ ಕಳೆದೆ ಅಂದರೆ, ಮಕ್ಕಳು ದಾಟುವ ಹಸಿರು ದೀಪ 15 ಸೆಕೆಂಡ್ ಮಾತ್ರ. ನಡೆಯುವವರ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 18 ಮೀಟರ್ ದಾಟಬಹುದು. ದೊಡ್ಡವರಿಗೆ ಸರಿ. ಪಾಟಿಚೀಲ ಹೊತ್ತ ಒಂದನೇ ಕ್ಲಾಸಿನ ಕೂಸು ಸೆಕೆಂಡಿಗೆ 0.9 ಮೀಟರ್ ನಡೆದರೆ ಅಷ್ಟೇ ದೂರಕ್ಕೆ 20 ಸೆಕೆಂಡ್ ಬೇಕು. ಆ ಐದು ಸೆಕೆಂಡ್ ಯಾರು ಕೊಡಬೇಕು?

ಶಾಲೆ ಬಿಡುವ ಹೊತ್ತಿನ ಕಥೆಯೇ ಬೇರೆ. ಆಟೋಗಳು ಸ್ಟಾಪ್ ಲೈನ್ ಪಕ್ಕದಲ್ಲೇ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತವೆ. ಒಂದು ಲೇನ್ ಹೋಯಿತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಬಿಆರ್‌ಟಿಎಸ್ (ವೇಗದ ಬಸ್ ಸೇವೆ) ರಸ್ತೆಯಲ್ಲಿ ಬೇರೆ ಲೇನೇ ಇದೆ, ಇಲ್ಲಿ ಶಾಲೆ ಆಟೋ ನಿಲ್ಲಲು ನಾಲ್ಕು ಮಾರು ಜಾಗವಿಲ್ಲ. "ಹಸಿರು ಜಾಸ್ತಿ ಮಾಡಿಸ್ರಿ" ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೆ ಅಡ್ಡ ರಸ್ತೆಯ ಕೆಂಪು ಉದ್ದವಾಗುತ್ತದೆ, ಸಾಲು ಅಲ್ಲಿ ಬೆಳೆಯುತ್ತದೆ, ಅಲ್ವಾ? ಸಿಗ್ನಲ್ ಸುತ್ತು, ಅಂದರೆ ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದು ಹೋಗುವ ಸಮಯ, ಎಷ್ಟಿದ್ದರೆ ಕಾಯುವುದು ಕಡಿಮೆ ಎಂದು ಲೆಕ್ಕ ಹಾಕುವ ಸೂತ್ರವನ್ನು ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲೇ ಕೊಟ್ಟಿದ್ದಾರೆ. ತೀರಾ ಗಿಡ್ಡವಾದರೂ ತೊಂದರೆ, ತೀರಾ ಉದ್ದವಾದರೂ ತೊಂದರೆ. ನನ್ನ ಮಾತು ಕೇಳಿದರೆ ಮೊದಲು ಆಟೋಗಳನ್ನು 50 ಮೀಟರ್ ಮುಂದೆ ನಿಲ್ಲಿಸಿ.

ಭಾನುವಾರವೂ ಅದೇ ಟೈಮರ್ ಓಡುತ್ತದೆ. ಗಿರ್ಮಿಟ್ ತರಲು ಹೊರಟವನು ಖಾಲಿ ರಸ್ತೆಯಲ್ಲಿ ಸುಮ್ನೆ ನಿಂತಿರಬೇಕು.